ಆಂಪ್ಲಿಫೈಯರ್‌ಗೆ ರಿಮೋಟ್ ಕಿಟ್ ಕೂರಿಸೋದು, ಗುಂಯ್ ಅನ್ನೋ ಹಮ್ ಓಡಿಸೋದು: ಮೊದಲಿಂದ ಕೊನೇವರೆಗೆ

ರಿಮೋಟ್ ಕಿಟ್, ಅಂದ್ರೆ ವಾಲ್ಯೂಮನ್ನ ರಿಮೋಟಲ್ಲೇ ಏರಿಸಿ ಇಳಿಸೋ ಬೋರ್ಡು, ಹಾಕಿದ ದಿನಾನೇ ಹಮ್ ಶುರುವಾಯ್ತು ಅಂತ ಗೋಳಾಡೋರು ಒಬ್ರಿಬ್ರಲ್ಲ, ನಾನೂ ಅದೇ ಸಾಲಲ್ಲಿ ನಿಂತಿದ್ದೋನೇ. ನನ್ನದು ಎರಡು ಟಿಡಿಎ7294 (ಆಂಪ್ಲಿಫೈಯರ್ ಐಸಿ) ಬೋರ್ಡು, 24-0-24 (ಮಧ್ಯದ 0 ಕಾಲಿಂದ ಎರಡೂ ಕಡೆ 24 ವೋಲ್ಟ್) ಐದು ಆಂಪ್ಸ್ ಟ್ರಾನ್ಸ್‌ಫಾರ್ಮರು, 8 ಓಮ್ ಸ್ಪೀಕರು. ಒಂದು ವರ್ಷ ಚೆನ್ನಾಗೇ ಹಾಡ್ತಿತ್ತು. ಪ್ರತಿ ಸಲ ಎದ್ದು ಹೋಗಿ ವಾಲ್ಯೂಮ್ ತಿರುಗಿಸೋಕೆ ಸೋಮಾರಿತನ ಆಗಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಂದ ಒಂದು ರಿಮೋಟ್ ಕಿಟ್ ತಂದು ಕೂರಿಸಿದೆ, ಆನ್ ಮಾಡಿದ್ರೆ ಹಾಡಿಗಿಂತ ಮುಂಚೆ ಗುಂಯ್. ಅಡುಗೆ ಮನೆಯಿಂದ ಅಮ್ಮ "ಫ್ರಿಜ್ ಯಾಕೋ ಸದ್ದು ಮಾಡ್ತಿದೆ ನೋಡೋ" ಅಂದ್ರು. ಫ್ರಿಜ್ ಅಲ್ಲಮ್ಮ ಅಂತ ಹೇಳೋಕೂ ನಾಚಿಕೆ ಆಯ್ತು.

ಎರಡು ಭಾನುವಾರ ಹಾಳು ಮಾಡ್ಕೊಂಡೆ. ಕೆಪಾಸಿಟರ್ ದೊಡ್ಡದು ಹಾಕಿದೆ, ಶೀಲ್ಡ್ ವೈರ್ (ಸುತ್ತ ಲೋಹದ ಹೆಣಿಗೆ ಇರೋ ಸಿಗ್ನಲ್ ವೈರು) ಬದಲಾಯಿಸಿದೆ, ಕಿಟ್ಟೇ ಸರಿ ಇಲ್ಲ ಅಂತ ಇನ್ನೊಂದು ತಂದೆ, ಅದೂ ಗುಂಯ್. ಕೊನೆಗೆ ಬೇಜಾರಾಗಿ ಕಿಟ್ಟಿನ ಸಪ್ಲೈ ಕಿತ್ತು ಸ್ಕೂಟರ್‌ದು 12 ವೋಲ್ಟ್ ಬ್ಯಾಟರಿ ತಂದು ಕೊಟ್ಟೆ. ಒಂದೇ ಸಲಕ್ಕೆ ನಿಶ್ಶಬ್ದ. ಅಂದ್ರೆ ಕಿಟ್ಟೂ ಸರಿ, ಆಂಪ್ಲಿಫೈಯರೂ ಸರಿ, ಎರಡರ ಮಧ್ಯೆ ಗ್ರೌಂಡು, ಅಂದ್ರೆ ಸೊನ್ನೆ ವೋಲ್ಟಿನ ವೈರು, ಎರಡು ದಾರೀಲಿ ಸೇರ್ತಿತ್ತು, ಒಂದು ಸಪ್ಲೈ ವೈರಿಂದ, ಇನ್ನೊಂದು ಶೀಲ್ಡ್ ವೈರಿಂದ. ಎರಡು ದಾರಿ ಸೇರಿದ್ರೆ ಅದೊಂದು ಬಳೆ ಥರ ಲೂಪು, ಟ್ರಾನ್ಸ್‌ಫಾರ್ಮರ್ ಸುತ್ತ ಇರೋ ಮ್ಯಾಗ್ನೆಟಿಕ್ ಫೀಲ್ಡು ಆ ಬಳೆ ಒಳಗೆ ಕರೆಂಟ್ ಹುಟ್ಟಿಸತ್ತೆ, ಜೊತೆಗೆ ಸಪ್ಲೈ ಗ್ರೌಂಡಲ್ಲಿ ಓಡೋ ಕರೆಂಟಿನ ಒಂದು ಪಾಲು ಶೀಲ್ಡಲ್ಲೂ ನುಗ್ಗತ್ತೆ, ಆಂಪ್ಲಿಫೈಯರು ಪಾಪ ಅದನ್ನೂ ಹಾಡು ಅನ್ಕೊಂಡು ದೊಡ್ಡದು ಮಾಡಿ ಕೊಡತ್ತೆ. ಅದಕ್ಕೇ ನಾನು ಹೇಳೋ ಕ್ರಮ ಇಷ್ಟು: ಮೊದಲು ರಿಮೋಟ್ ಇಲ್ಲದೆ ಆಂಪ್ಲಿಫೈಯರ್ ಸುಮ್ನಾಗಿಸಿ, ಆಮೇಲೆ ಒಂದೊಂದೇ ವೈರ್ ಸೇರಿಸಿ ಒಂದೊಂದು ಸಲ ಕಿವಿ ಇಟ್ಟು ಕೇಳಿ. ಎಲ್ಲಾ ಒಟ್ಟಿಗೆ ಸೋಲ್ಡರ್ ಮಾಡಿ ಆನ್ ಮಾಡಿದ್ರೆ ಯಾವುದು ಕೆಡಿಸ್ತು ಅಂತ ದೇವರಿಗೂ ಗೊತ್ತಾಗಲ್ಲ.

ಕೈ ಹಾಕೋಕೆ ಮುಂಚೆ

ಇದು 230 ವೋಲ್ಟ್ ಆಟ. ಪ್ಲಗ್ ಕಿತ್ತು ಪಕ್ಕಕ್ಕೆ ಇಟ್ಕೊಂಡೇ ಒಳಗೆ ಕೈ ಹಾಕಿ, ಸ್ವಿಚ್ ಆಫ್ ಮಾಡಿದ್ದೀನಿ ಅನ್ನೋ ನಂಬಿಕೆ ಬೇಡ, ಎಷ್ಟೋ ಮನೇಲಿ ಸ್ವಿಚ್ಚು ಫೇಸ್ ಬಿಟ್ಟು ನ್ಯೂಟ್ರಲ್ ಕಟ್ ಮಾಡೋ ಥರ ವೈರಿಂಗ್ ಆಗಿರತ್ತೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಇರತ್ತೆ. 470 ಓಮ್ 5 ವ್ಯಾಟ್ ರೆಸಿಸ್ಟರ್‌ಗೆ ಎರಡು ವೈರ್ ಕಟ್ಟಿ ಪ್ಲಸ್ಸಿಂದ ಗ್ರೌಂಡಿಗೆ, ಆಮೇಲೆ ಮೈನಸ್ಸಿಂದ ಗ್ರೌಂಡಿಗೆ, ಒಂದೊಂದು ಕಡೆ ಅರ್ಧ ನಿಮಿಷ ಹಿಡಿದ್ರೆ ಸಾಕು. ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ಸೋ ವೀರರೂ ಇದ್ದಾರೆ, ಕೆಪಾಸಿಟರ್ ಕಾಲೂ ಹೋಗತ್ತೆ ಸ್ಕ್ರೂಡ್ರೈವರ್ ತುದೀನೂ ಹೋಗತ್ತೆ.

ಒಂದು ಸೀರೀಸ್ ಬೋರ್ಡ್ ಮಾಡ್ಕೊಳ್ಳಿ, ಅಂದ್ರೆ ಆಂಪ್ಲಿಫೈಯರಿಗೆ ಹೋಗೋ ಕರೆಂಟು ಒಂದು ಬಲ್ಬಿನ ಮೂಲಕವೇ ಹಾಯೋ ಬೋರ್ಡು: ಹಳೇ ಕಾಲದ 100 ವ್ಯಾಟ್ ಫಿಲಮೆಂಟ್ ಬಲ್ಬು, ಎಲ್‌ಇಡಿ ಬಲ್ಬ್ ಆಗಲ್ಲ. ಏನೇ ಬದಲಾವಣೆ ಮಾಡಿದ್ರೂ ಮೊದಲ ಸಲ ಇದರ ಮೂಲಕ ಆನ್ ಮಾಡಿ. ಬಲ್ಬು ಒಮ್ಮೆ ಜೋರಾಗಿ ಉರಿದು ಮಂಕಾದ್ರೆ ಸರಿ, ಜೋರಾಗಿ ಉರೀತಾನೇ ಇದ್ರೆ ಎಲ್ಲೋ ಶಾರ್ಟ್ ಇದೆ. ಈ ಬಲ್ಬು ನನ್ನ ಎಷ್ಟು ಐಸಿ ಉಳಿಸಿದೆ ಅಂತ ಲೆಕ್ಕ ಇಟ್ಟಿಲ್ಲ.

ಹಮ್ ಎಲ್ಲಿ ಹುಟ್ಟುತ್ತೆ, ಕಿವೀಲೇ ಹಿಡೀಬೇಕು

ಒಂದು ಆರ್‌ಸಿಎ ಪಿನ್ (ಆಂಪ್ಲಿಫೈಯರ್ ಇನ್‌ಪುಟ್‌ಗೆ ಚುಚ್ಚೋ ದುಂಡನೆ ಆಡಿಯೋ ಪಿನ್) ತಗೊಂಡು ಮಧ್ಯದ ಕಾಲನ್ನೂ ಸುತ್ತಿನ ಬಾಡೀನೂ ಒಂದು ತುಂಡು ವೈರಲ್ಲಿ ಸೇರಿಸಿ ಸೋಲ್ಡರ್ ಮಾಡಿ. ಇಂಥವು ಎರಡು. ಲೆಫ್ಟ್ ರೈಟ್ ಎರಡೂ ಇನ್‌ಪುಟ್‌ಗೆ ಚುಚ್ಚಿ ಆನ್ ಮಾಡಿ. ಹಮ್ ಪೂರ್ತಿ ನಿಂತ್ರೆ ತೊಂದರೆ ಹೊರಗಡೆ, ಅಂದ್ರೆ ಟಿವಿ, ಸೆಟ್ ಟಾಪ್ ಬಾಕ್ಸ್, ಲ್ಯಾಪ್‌ಟಾಪ್, ಇಲ್ಲಾ ಕೇಬಲ್. ನಿಲ್ಲಲಿಲ್ಲ ಅಂದ್ರೆ ಡಬ್ಬದ ಒಳಗೇ ಇದೆ. ಈಗ ವಾಲ್ಯೂಮ್ ತಿರುಗಿಸಿ. ಜಾಸ್ತಿ ಕಡಿಮೆ ಆದ್ರೆ ವಾಲ್ಯೂಮ್‌ಗಿಂತ ಮುಂಚಿನ ಭಾಗದಲ್ಲಿ ಹುಡುಕಿ, ಏನೂ ಬದಲಾಗದಿದ್ರೆ ವಾಲ್ಯೂಮ್ ಆದ್ಮೇಲೆ, ಅಂದ್ರೆ ಪವರ್ ಬೋರ್ಡು, ಸಪ್ಲೈ, ಗ್ರೌಂಡ್ ವೈರಿಂಗ್.

ಸ್ವರಾನೂ ಗುಟ್ಟು ಬಿಟ್ಟುಕೊಡತ್ತೆ. ನಮ್ಮ ಕರೆಂಟು 50 ಹರ್ಟ್ಸ್. ಮೆತ್ತಗೆ ಊಂ ಅಂತ 50 ಹರ್ಟ್ಸ್ ಬಂದ್ರೆ ಟ್ರಾನ್ಸ್‌ಫಾರ್ಮರ್ ಫೀಲ್ಡು, ತೆರೆದಿರೋ ಇನ್‌ಪುಟ್ ವೈರು, ಗ್ರೌಂಡ್ ಲೂಪು, ಇವುಗಳ ಮೇಲೆ ಅನುಮಾನ. ಎಸಿಯನ್ನ ಡಿಸಿ ಮಾಡೋ ಬ್ರಿಡ್ಜ್ ರೆಕ್ಟಿಫೈಯರ್ ದಾಟಿದ್ಮೇಲೆ ರಿಪಲ್ (ಡಿಸಿಯಲ್ಲಿ ಉಳಿಯೋ ಏರಿಳಿತ) 100 ಹರ್ಟ್ಸ್ ಆಗತ್ತೆ, ಅದರ ಜೊತೆ 200, 300 ಎಲ್ಲಾ ಸೇರಿ ಜೀರುಂಡೆ ಥರ ಗರ್ರ್ ಅನ್ನತ್ತೆ, ಅದು ಬಂದ್ರೆ ಸಪ್ಲೈ ಗ್ರೌಂಡ್ ವೈರಿಂಗ್ ನೋಡಿ. ಕಿವಿಗೆ ಗೊತ್ತಾಗಲಿಲ್ಲ ಅಂದ್ರೆ ಮೊಬೈಲಲ್ಲಿ ಸ್ಪೆಕ್ಟ್ರಮ್ ಆ್ಯಪ್ ಹಾಕಿ ವೂಫರ್ ಹತ್ರ ಹಿಡೀರಿ, ಗೆರೆ ಎಲ್ಲಿ ಎದ್ದಿದೆ ಅಂತ ಕಾಣತ್ತೆ.

ಸಪ್ಲೈ ಗ್ರೌಂಡು, ಮುಕ್ಕಾಲು ಪಾಲು ಕಳ್ಳ ಇಲ್ಲೇ

ಹಮ್ ಅಂದ ತಕ್ಷಣ ಅಂಗಡಿಯೋರು ಕೆಪಾಸಿಟರ್ ಜಾಸ್ತಿ ಹಾಕಿ ಅಂತಾರೆ. ಲೆಕ್ಕ ಹಾಕಿ ನೋಡಿ, ಹಾಡಿಲ್ಲದೆ ಸುಮ್ನೆ ಕೂತಾಗ ಎರಡು ಚಾನಲ್‌ಗೆ ಸೇರಿ 0.1 ಆಂಪ್ಸ್ ಅಂದ್ಕೊಂಡ್ರೆ 4700 ಮೈಕ್ರೋಫ್ಯಾರಡ್ ಇದ್ರೂ ರಿಪಲ್ಲು ಸುಮಾರು 0.2 ವೋಲ್ಟು ಅಷ್ಟೇ, ಅಷ್ಟನ್ನ ಟಿಡಿಎ7294 ಆರಾಮಾಗಿ ನುಂಗಿಬಿಡತ್ತೆ. 2 ಆಂಪ್ಸ್ ಎಳೆದಾಗ 4700ಕ್ಕೆ ನಾಲ್ಕು ವೋಲ್ಟ್ ಮೇಲೆ, 10000ಕ್ಕೆ ಎರಡು ವೋಲ್ಟು, ಆದ್ರೆ ಆಗ ಹಾಡೇ ಜೋರಾಗಿ ಇರತ್ತೆ. ಹಾಗಾಗಿ ಒಂದೊಂದು ರೈಲಿಗೆ (ಪ್ಲಸ್ ಲೈನಿಗೊಂದು, ಮೈನಸ್ ಲೈನಿಗೊಂದು) 10000 ಮೈಕ್ರೋಫ್ಯಾರಡ್, 50 ವೋಲ್ಟಿಂದು ಹಾಕಿ ಬಿಟ್ಬಿಡಿ. 24 ವೋಲ್ಟ್ ಎಸಿ ಡಿಸಿ ಆದಾಗ ಪ್ಲಸ್ ಮೈನಸ್ 33 ಹತ್ರ ಬರತ್ತೆ, ರಾತ್ರಿ ಲೈನ್ ವೋಲ್ಟೇಜ್ ಏರಿದಾಗ ಇನ್ನೂ ಮೇಲೆ, ಹಾಗಾಗಿ 35 ವೋಲ್ಟಿನ ಕೆಪಾಸಿಟರ್ ಹಾಕೋ ಜಿಪುಣತನ ಬೇಡ.

ನಿಜವಾದ ವಿಷಯ ಗ್ರೌಂಡ್ ವೈರ್ ಎಲ್ಲಿಂದ ಎತ್ತುತ್ತೀರ ಅನ್ನೋದು. ಟ್ರಾನ್ಸ್‌ಫಾರ್ಮರ್ ಸೆಂಟರ್ ಟ್ಯಾಪಿಂದ (24-0-24ರ ಮಧ್ಯದ 0 ಕಾಲು) ಕೆಪಾಸಿಟರ್ ಜೋಡಿಯ ಮಧ್ಯಕ್ಕೆ ಹೋಗೋ ವೈರಲ್ಲಿ ಕರೆಂಟು ನಿಧಾನವಾಗಿ ಹರಿಯಲ್ಲ, ಸೆಕೆಂಡಿಗೆ 100 ಸಲ ದಬಕ್ ದಬಕ್ ಅಂತ ದೊಡ್ಡ ಪಲ್ಸ್ ಥರ ನುಗ್ಗತ್ತೆ. ಆ ವೈರಿನ ಯಾವ ಜಾಗದಲ್ಲಿ ಇನ್‌ಪುಟ್ ಗ್ರೌಂಡ್ ಸೇರಿಸಿದ್ರೂ ಗರ್ರ್ ಗ್ಯಾರಂಟಿ. ನಾನು ಮೊದಲು ಮಾಡಿದ್ದು ಅದೇ, ಸೆಂಟರ್ ಟ್ಯಾಪ್ ಟ್ಯಾಗಿಗೇ ಎಲ್ಲಾ ಕಪ್ಪು ವೈರು ಗೊಂಚಲು ಕಟ್ಟಿದ್ದೆ, ನೋಡೋಕೆ ನೀಟಾಗಿತ್ತು.

ಸರಿಯಾದ ರೀತಿ ಹೀಗೆ. ಸೆಂಟರ್ ಟ್ಯಾಪ್ ನೇರವಾಗಿ ಎರಡು ಕೆಪಾಸಿಟರ್ ಮಧ್ಯದ ಜೋಡಿಗೆ. ಆ ಜೋಡಿಯಿಂದ ಒಂದು ದಪ್ಪ, ಗಿಡ್ಡ ತಾಮ್ರದ ವೈರ್ ಎಳೆದು ಎರಡು ಇಂಚು ಆಚೆ ಒಂದು ಬೋಲ್ಟಿಗೆ ಕಟ್ಟಿ, ಬೋಲ್ಟು ಕ್ಯಾಬಿನೆಟ್ಟಿಗೆ ತಾಗಬಾರದು. ಇದೇ ಸ್ಟಾರ್ ಪಾಯಿಂಟ್. ಸ್ಪೀಕರ್ ಮೈನಸ್ ಎರಡೂ ಇಲ್ಲಿಗೆ, ಪವರ್ ಬೋರ್ಡ್ ಗ್ರೌಂಡ್ ಒಂದೊಂದಕ್ಕೂ ಬೇರೆ ಬೇರೆ ವೈರಲ್ಲಿ ಇಲ್ಲಿಗೇ. ಸ್ಪೀಕರ್ ಮೈನಸ್ಸನ್ನ ಬೋರ್ಡಿನ ಇನ್‌ಪುಟ್ ಗ್ರೌಂಡ್ ಹತ್ರ ಕಟ್ಟೋದು ತುಂಬಾ ಜನ ಮಾಡೋ ತಪ್ಪು, ಹಾಡಿನ ಪೂರ್ತಿ ಕರೆಂಟು ಸೂಕ್ಷ್ಮ ಗ್ರೌಂಡಲ್ಲಿ ಓಡಾಡತ್ತೆ.

ಟ್ರಾನ್ಸ್‌ಫಾರ್ಮರ್ ಇನ್‌ಪುಟ್ ಸಾಕೆಟ್ಟಿಂದ ಎಷ್ಟು ದೂರ ಆಗತ್ತೋ ಅಷ್ಟು ದೂರ ಇರಲಿ. ಬೋಲ್ಟ್ ಹಾಕೋಕೆ ಮುಂಚೆ ಒಂದು ಹಲಗೆ ಮೇಲಿಟ್ಟು, ಶಾರ್ಟ್ ಪಿನ್ ಚುಚ್ಚಿ ಕೇಳಿ, ಆಫ್ ಮಾಡಿ ಕಾಲು ಸುತ್ತು ತಿರುಗಿಸಿ, ಮತ್ತೆ ಆನ್ ಮಾಡಿ ಕೇಳಿ. ನನ್ನದ್ರಲ್ಲಿ 90 ಡಿಗ್ರಿ ತಿರುಗಿಸಿದ್ದಕ್ಕೇ ಅರ್ಧ ಹಮ್ ಹೋಯ್ತು, ಖರ್ಚು ಸೊನ್ನೆ. ಹೋಗಿ ಬರೋ ವೈರುಗಳನ್ನ, ಅಂದ್ರೆ ಎಸಿ ಎರಡು, ಪ್ಲಸ್-ಮೈನಸ್-ಗ್ರೌಂಡ್ ಮೂರು, ಜಡೆ ಥರ ಹೆಣೀರಿ. ಇನ್‌ಪುಟ್ ಶೀಲ್ಡ್ ವೈರು ಇವುಗಳ ಪಕ್ಕ ಮಲಗಬಾರದು, ಅಡ್ಡ ಹಾಯಲೇಬೇಕಾದ್ರೆ ಪ್ಲಸ್ ಚಿಹ್ನೆ ಥರ ಅಡ್ಡ ಹಾಯಲಿ.

ಅರ್ತ್ ವಿಷಯ ಚೆಲ್ಲಾಟ ಬೇಡ

ಹಮ್ ಹೋಗತ್ತೆ ಅಂತ ಮೂರು ಪಿನ್ನಿನ ಅರ್ತ್ ಕಾಲು ಕತ್ತರಿಸೋ ಸಲಹೆ ಯಾರಾದ್ರೂ ಕೊಟ್ರೆ ಅವರ ಮಾತು ಅಲ್ಲಿಗೇ ಬಿಡಿ. ಹಮ್ ಹೋಗಬಹುದು, ಆದ್ರೆ ನಾಳೆ ಟ್ರಾನ್ಸ್‌ಫಾರ್ಮರ್ ಇನ್ಸುಲೇಷನ್ ಹೋದ್ರೆ ಕ್ಯಾಬಿನೆಟ್ ಮುಟ್ಟಿದೋರೂ ಹೋಗ್ತಾರೆ. ಅರ್ತ್ ವೈರು ಪೇಂಟ್ ಕೆರೆದ ಜಾಗದಲ್ಲಿ ಅದಕ್ಕೇ ಅಂತ ಇರೋ ಬೋಲ್ಟಲ್ಲಿ ಕ್ಯಾಬಿನೆಟ್ಟಿಗೆ ನೇರವಾಗಿ ಕೂರಬೇಕು. ಫೇಸ್ ಲೈನಿಗೆ 2 ಆಂಪ್ಸ್ ಸ್ಲೋ ಬ್ಲೋ ಫ್ಯೂಸು.

ಈಗ ಸ್ಟಾರ್ ಪಾಯಿಂಟನ್ನ ಕ್ಯಾಬಿನೆಟ್ಟಿಗೆ ಸೇರಿಸಬೇಕು, ಆದ್ರೆ ನೇರ ಅಲ್ಲ. ಮಧ್ಯೆ 10 ಓಮ್ 5 ವ್ಯಾಟ್ ರೆಸಿಸ್ಟರು, ಅದಕ್ಕೆ ಅಡ್ಡವಾಗಿ 0.1 ಮೈಕ್ರೋಫ್ಯಾರಡ್, ಅದರ ಜೊತೆಗೇ ಒಂದು ಕೆಬಿಪಿಸಿ3510 ಬ್ರಿಡ್ಜ್. ಬ್ರಿಡ್ಜಿನ ಪ್ಲಸ್ ಮೈನಸ್ ಕಾಲು ಎರಡನ್ನೂ ಸೇರಿಸಿಬಿಡಿ, ಎರಡು ಎಸಿ ಕಾಲು ಎರಡು ತುದಿಗೆ. ಚಿಕ್ಕ ಲೂಪ್ ಕರೆಂಟಿಗೆ 10 ಓಮ್ ಅಡ್ಡ ನಿಲ್ಲತ್ತೆ, ನಿಜವಾಗ್ಲೂ ಫಾಲ್ಟ್ ಆದ್ರೆ ಬ್ರಿಡ್ಜು ಕರೆಂಟ್ ಹೊತ್ಕೊಂಡು ಫ್ಯೂಸ್ ಹಾರಿಸತ್ತೆ. ಹಿಂದಿನ ಆರ್‌ಸಿಎ ಸಾಕೆಟ್ಟು ಕ್ಯಾಬಿನೆಟ್ಟಿಗೆ ತಾಗಿದ್ರೆ ಇದೆಲ್ಲಾ ದಂಡ, ಪ್ಲಾಸ್ಟಿಕ್ ವಾಷರ್ ಇರೋ ಸಾಕೆಟ್ಟೇ ಹಾಕಿ.

ಮನೆ ಸಾಕೆಟ್ಟಲ್ಲಿ ಅರ್ತ್ ಇದೆಯಾ ಅಂತಾನೂ ನೋಡಿ. ಫೇಸಿಗೂ ಅರ್ತಿಗೂ 230 ಹತ್ರ, ನ್ಯೂಟ್ರಲ್ಲಿಗೂ ಅರ್ತಿಗೂ ಒಂದೆರಡು ವೋಲ್ಟು ಬಂದ್ರೆ ಸರಿ ಇರೋ ಲಕ್ಷಣ. ಹಳೇ ಮನೆಗಳಲ್ಲಿ ಮೂರು ತೂತಿರತ್ತೆ, ಮೂರನೇದರ ಹಿಂದೆ ವೈರೇ ಇರಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ ಅಂದ್ರೆ ಮೊದಲು ಎಲೆಕ್ಟ್ರಿಷಿಯನ್ ಕರೀರಿ, ಆಮೇಲೆ ಹಮ್ ಕಥೆ.

ಈಗ ರಿಮೋಟು

ಅಂಗಡೀಲಿ ಸಿಗೋ ಕಿಟ್ಟಲ್ಲಿ ಹೆಚ್ಚಾಗಿ ಒಂದು ಮೈಕ್ರೋಕಂಟ್ರೋಲರು, ಒಂದು ಎಲೆಕ್ಟ್ರಾನಿಕ್ ವಾಲ್ಯೂಮ್ ಐಸಿ, ಒಂದು ಡಿಸ್‌ಪ್ಲೇ, ಒಂದು ಐಆರ್ ಸೆನ್ಸರ್ (ರಿಮೋಟಿನ ಕಣ್ಣಿಗೆ ಕಾಣದ ಬೆಳಕು ಹಿಡಿಯೋದು). 5.1 ಕಿಟ್ಟಾದ್ರೆ ಪಿಟಿ2258 ಥರದ್ದು, ಆರು ಚಾನಲ್, 0ಯಿಂದ ಮೈನಸ್ 79 ಡೆಸಿಬಲ್ ತನಕ ಒಂದೊಂದೇ ಡೆಸಿಬಲ್ ಮೆಟ್ಟಿಲು. ಇನ್ನೊಂದು ದಾರಿ ಮೋಟರ್ ಇರೋ ಪಾಟು (ವಾಲ್ಯೂಮ್ ತಿರುಗಿಸೋ ಕಂಟ್ರೋಲು): ನಾರ್ಮಲ್ ವಾಲ್ಯೂಮ್ ಪಾಟಿಗೇ ಹಿಂದೆ ಚಿಕ್ಕ ಮೋಟರ್ ಅಂಟಿರತ್ತೆ, ರಿಮೋಟ್ ಒತ್ತಿದ್ರೆ ನಾಬು ತಾನಾಗೇ ತಿರುಗತ್ತೆ, ಕೈಯಲ್ಲೂ ತಿರುಗಿಸಬಹುದು. ಆರ್ಡುಯಿನೋ ನ್ಯಾನೋ (ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು), ಎಲ್293ಡಿ (ಮೋಟರ್ ಓಡಿಸೋ ಐಸಿ), ಒಂದು ಸೆನ್ಸರ್ ಇದ್ರೆ ಮನೇಲೇ ಮಾಡ್ಬಹುದು. ಸಿಗ್ನಲ್ ದಾರೀಲಿ ಯಾವ ಐಸೀನೂ ಬರಲ್ಲ, ಮೋಟರ್ ತಿರುಗೋವಾಗ ಮಾತ್ರ ಕರ್ ಅನ್ನಬಹುದು, ಅದಕ್ಕೆ ಮೋಟರಿನ ಎರಡು ಕಾಲಿಗೆ ಅಡ್ಡ 0.1 ಮೈಕ್ರೋಫ್ಯಾರಡ್. ಎರಡು ಚಾನಲ್ಲಿಗೆ ನನ್ನ ಮನಸ್ಸು ಇದರ ಮೇಲೇ, ಆದ್ರೆ ಬ್ಲೂಟೂತು, ಇನ್‌ಪುಟ್ ಸೆಲೆಕ್ಟರು, ಬಾಸ್ ಟ್ರೆಬಲ್ ಎಲ್ಲಾ ರಿಮೋಟಲ್ಲೇ ಬೇಕಂದ್ರೆ ಕಿಟ್ಟೇ ಗತಿ.

ಕಿಟ್ಟಿಗೆ ಬೇರೆ ಪುಟ್ಟ ಟ್ರಾನ್ಸ್‌ಫಾರ್ಮರ್ ಕೊಡಿ. ಬ್ಯಾಟರಿ ಕಲಿಸಿದ ಪಾಠ ಅದೇ. 12-0, 750 ಮಿಲಿಆಂಪ್ಸ್ ಸಾಕು, ಬೋರ್ಡ್ ಮೇಲೆ ಎಸಿ ಬರೆದಿದ್ಯಾ ಡಿಸಿ ಬರೆದಿದ್ಯಾ ನೋಡ್ಕೊಂಡು, ಡಿಸಿ ಆದ್ರೆ ಬ್ರಿಡ್ಜು, 2200 ಮೈಕ್ರೋಫ್ಯಾರಡ್ ಸೇರಿಸಿ. ಈ ಟ್ರಾನ್ಸ್‌ಫಾರ್ಮರಿನ ಮೈನಸ್ಸು ಸ್ಟಾರ್ ಪಾಯಿಂಟಿಗೂ ಹೋಗಬಾರದು, ಕ್ಯಾಬಿನೆಟ್ಟಿಗೂ ತಾಗಬಾರದು. ಕಿಟ್ಟಿಗೆ ಗ್ರೌಂಡ್ ಸಿಗೋದು ಕಿಟ್ಟಿಂದ ಪವರ್ ಬೋರ್ಡಿಗೆ ಹೋಗೋ ಶೀಲ್ಡ್ ವೈರಿನ ಶೀಲ್ಡಿಂದ ಮಾತ್ರ, ಇನ್ಯಾವ ದಾರೀನೂ ಬೇಡ. ಲೆಫ್ಟು ರೈಟು ಎರಡು ಶೀಲ್ಡೂ ಎರಡೂ ತುದಿ ಕಟ್ಟಿದ್ರೆ ಅವೆರಡರಲ್ಲೇ ಮತ್ತೊಂದು ಲೂಪ್ ಆಗತ್ತೆ, ಆದ್ರಿಂದ ಒಂದನ್ನ ಎರಡೂ ಕಡೆ ಕಟ್ಟಿ, ಇನ್ನೊಂದನ್ನ ಕಿಟ್ಟಿನ ಕಡೆ ಮಾತ್ರ. ಎರಡೂ ವೈರು ಒಟ್ಟಿಗೆ ಅಂಟಿಕೊಂಡೇ ಹೋಗಲಿ.

ಇಲ್ಲಿ ಒಂದು ಸಣ್ಣ ಜಾಗದಲ್ಲಿ ನಾನು ಮತ್ತೆ ಬಿದ್ದೆ. ಎಲ್ಲಾ ಸರಿ ಮಾಡಿ, ಮೇಜಿನ ಮೇಲೆ ಸದ್ದಿಲ್ಲದೆ ಹಾಡ್ತಿದ್ದ ಕಿಟ್ಟು ಕ್ಯಾಬಿನೆಟ್ಟಲ್ಲಿ ಸ್ಕ್ರೂ ಹಾಕಿದ ತಕ್ಷಣ ಗುಂಯ್. ಸ್ಕ್ರೂ ತೂತಿನ ಸುತ್ತ ಇದ್ದ ತಾಮ್ರ ಗ್ರೌಂಡಿಗೆ ಸೇರಿತ್ತು, ಸ್ಕ್ರೂನೇ ಎರಡನೇ ದಾರಿ ಆಗಿತ್ತು. ನೈಲಾನ್ ಸ್ಪೇಸರ್ ಹಾಕಿದೆ, ನಿಂತ್ಹೋಯ್ತು. ಮುಚ್ಚೋಕೆ ಮುಂಚೆ ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಕಿಟ್ಟಿನ ಗ್ರೌಂಡಿಗೂ ಕ್ಯಾಬಿನೆಟ್ಟಿಗೂ ಹಿಡಿದು ಅಳೀರಿ. ಶೀಲ್ಡ್ ವೈರ್ ಬಿಚ್ಚಿದಾಗ ಏನೂ ತೋರಿಸಬಾರದು, ಹಾಕಿದಾಗ ಆ 10 ಓಮ್ ತೋರಿಸಬೇಕು.

ಕಿಟ್ಟಲ್ಲಿರೋ 7805 (5 ವೋಲ್ಟ್ ಕೊಡೋ ರೆಗ್ಯುಲೇಟರ್ ಐಸಿ) ಬಿಸಿ ಆಗತ್ತೆ, ಹೆದರಬೇಡಿ, ಆದ್ರೆ ಹೀಟ್‌ಸಿಂಕ್ ಹಾಕಿ. 12 ವೋಲ್ಟ್ ಎಸಿ ಡಿಸಿ ಆಗಿ 15-16 ಆಗತ್ತೆ, ಡಿಸ್‌ಪ್ಲೇ ಎಲ್ಲಾ ಸೇರಿ 0.2 ಆಂಪ್ಸ್ ಎಳೆದ್ರೆ ಅದೊಂದೇ ಎರಡು ವ್ಯಾಟ್ ಸುಡತ್ತೆ.

ಹಳೇ ವಾಲ್ಯೂಮ್ ಪಾಟ್ ಕಿತ್ತು ಬಿಡಿ, ಇಲ್ಲಾ ಪವರ್ ಬೋರ್ಡಿನ ಮುಂದೆ ಪ್ರೀಸೆಟ್ ಥರ ಇಟ್ಕೊಳ್ಳಿ. ಕಿಟ್ಟಿನ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ನಿಮಗೆ ಬೇಕಾದ ಅತೀ ಜೋರಾದ ಮಟ್ಟ ಬರೋ ತನಕ ಪ್ರೀಸೆಟ್ ತಿರುಗಿಸಿ ಮುಟ್ಟದೆ ಬಿಡಿ. ಕಿಟ್ಟಿನ ಸುಸ್ ಅನ್ನೋ ಸದ್ದೂ ಅಷ್ಟೇ ಪ್ರಮಾಣಕ್ಕೆ ಇಳಿಯತ್ತೆ.

ಸೆನ್ಸರ್ ಬಗ್ಗೆ ಒಂದೇ ಮಾತು, ಕಾಲು ನೋಡ್ಕೊಂಡು ಕಟ್ಟಿ. ಉಬ್ಬು ನಿಮ್ಮ ಕಡೆ ಇಟ್ಕೊಂಡ್ರೆ ಟಿಎಸ್ಓಪಿ1738ರಲ್ಲಿ ಎಡಗಡೆಯಿಂದ ಗ್ರೌಂಡ್, ಸಪ್ಲೈ, ಔಟ್; 1838ರಲ್ಲಿ ಔಟ್, ಗ್ರೌಂಡ್, ಸಪ್ಲೈ. ಒಂದರ ಜಾಗಕ್ಕೆ ಇನ್ನೊಂದು ಹಾಗೇ ಹಾಕಿದ್ರೆ ಎರಡು ನಿಮಿಷದಲ್ಲಿ ಬೆರಳು ಸುಡತ್ತೆ. ಸಪ್ಲೈ ಲೈನಲ್ಲಿ 100 ಓಮ್, ಸೆನ್ಸರ್ ಕಾಲಿಗೇ ಅಂಟಿಸಿ 4.7 ಮೈಕ್ರೋಫ್ಯಾರಡ್ ಹಾಕಿದ್ರೆ ದೂರದಿಂದಲೂ ಹಿಡಿಯತ್ತೆ. ಮುಂದೆ ಕಡು ಕೆಂಪು ಅಕ್ರಿಲಿಕ್ ತುಂಡು ಇಡಿ. ರಿಮೋಟ್ ಕೆಲಸ ಮಾಡ್ತಿಲ್ಲ ಅನ್ಸಿದ್ರೆ ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿ, ಎಲ್‌ಇಡಿ ನೇರಳೆ ಬಣ್ಣಕ್ಕೆ ಮಿನುಗಿದ್ರೆ ರಿಮೋಟ್ ಸರಿ ಇದೆ, ಸೆನ್ಸರ್ ಕಡೆ ನೋಡಿ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ನೇರ ಬಿಸಿಲು, ಹಳೇ ಸಿಎಫ್ಎಲ್ ಲೈಟು ಎದುರಿಗಿದ್ರೆ ಸೆನ್ಸರ್ ತಬ್ಬಿಬ್ಬಾಗತ್ತೆ.

ಪವರ್ ಆನ್ ಆಫೂ ರಿಮೋಟಲ್ಲೇ ಬೇಕು ಅಂದ್ರೆ ರಿಲೇ (ಚಿಕ್ಕ ಕರೆಂಟಿಂದ ಆನ್ ಆಫ್ ಆಗೋ ಸ್ವಿಚ್ಚು). ಕಿಟ್ಟಿನ ಸ್ಟ್ಯಾಂಡ್‌ಬೈ ಔಟಿಂದ 1ಕೆ ರೆಸಿಸ್ಟರ್ ದಾಟಿ ಬಿಸಿ547 ಟ್ರಾನ್ಸಿಸ್ಟರು, ಅದರಿಂದ 5 ವೋಲ್ಟ್ ರಿಲೇ, ಕಾಯಿಲ್ಲಿಗೆ ಉಲ್ಟಾ 1ಎನ್4007 ಡಯೋಡು. ಪುಟ್ಟ ಟ್ರಾನ್ಸ್‌ಫಾರ್ಮರ್ ಸದಾ ಆನ್, ದೊಡ್ಡದನ್ನ ಮಾತ್ರ ರಿಲೇ ಕಟ್ ಮಾಡತ್ತೆ. ಕಾಂಟ್ಯಾಕ್ಟ್ ಅಡ್ಡ 100 ಓಮ್ ಜೊತೆ 0.1 ಮೈಕ್ರೋಫ್ಯಾರಡ್ 275 ವೋಲ್ಟ್ ಎಕ್ಸ್2 ಕೆಪಾಸಿಟರ್ ಸೀರೀಸಲ್ಲಿ ಹಾಕಿದ್ರೆ ಟಪ್ ಸದ್ದು ಕಡಿಮೆ, ಆದ್ರೆ ನೆನಪಿರಲಿ, ರಿಲೇ ಆಫ್ ಇದ್ರೂ ಇದರ ಮೂಲಕ ಸ್ವಲ್ಪ ಕರೆಂಟ್ ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಹೋಗ್ತಾನೇ ಇರತ್ತೆ. ಟಿಡಿಎ7294 ಇರೋರಿಗೆ ಇನ್ನೂ ಸುಲಭ: ಪಿನ್ 9 ಸ್ಟ್ಯಾಂಡ್‌ಬೈ, ಪಿನ್ 10 ಮ್ಯೂಟ್, 1.5 ವೋಲ್ಟ್ ಕೆಳಗಿದ್ರೆ ಸುಮ್ನೆ, 3.5 ಮೇಲಿದ್ರೆ ಹಾಡತ್ತೆ. ಕಿಟ್ಟಿನ 5 ವೋಲ್ಟ್ ಔಟಿಂದಲೇ ನಡೆಯತ್ತೆ, ಆ ವೈರು ಒಂದೇ ಎಳೆ ಸಾಕು, ಜೊತೆಗೆ ಗ್ರೌಂಡ್ ಎಳೀಬೇಡಿ, ಅದೇ ಮತ್ತೊಂದು ದಾರಿ ಆಗತ್ತೆ.

ಬ್ಲೂಟೂತಿನ ಕಿರ್ರ್, ಟಿವಿಯ ಗುಂಯ್

ಯುಎಸ್‌ಬಿ ಬ್ಲೂಟೂತ್ ಬೋರ್ಡಿನ ಕಿರ್ರ್ ಟಿಕ್ ಟಿಕ್ ಸದ್ದು ಹಮ್ ಅಲ್ಲ, ಅದು ಡಿಜಿಟಲ್ ಕರೆಂಟು ಆಡಿಯೋ ಗ್ರೌಂಡಲ್ಲಿ ಓಡ್ತಿರೋದು. ಅದಕ್ಕೂ ಬೇರೆ ಸಪ್ಲೈ ಬೇಕು. ಬಿ0505ಎಸ್ ಅಂತ ನಾಲ್ಕು ಕಾಲಿನ ಪುಟ್ಟ ಐಸೊಲೇಟೆಡ್ ಮಾಡ್ಯೂಲ್ ಸಿಗತ್ತೆ, 5 ವೋಲ್ಟ್ ಒಳಗೆ 5 ವೋಲ್ಟ್ ಹೊರಗೆ, ಗ್ರೌಂಡ್ ಬೇರೆ. ಒಂದು ವ್ಯಾಟಿಂದು 200 ಮಿಲಿಆಂಪ್ಸ್ ಕೊಡತ್ತೆ, ಬರೀ ಬ್ಲೂಟೂತಿಗೆ ಆಗತ್ತೆ, ಪೆನ್ ಡ್ರೈವ್ ಚುಚ್ಚಿದ್ರೆ ಸಾಲದೆ ಬರಬಹುದು.

ಶಾರ್ಟ್ ಪಿನ್ನಲ್ಲಿ ಸುಮ್ನಿದ್ದು ಟಿವಿ ಸೇರಿಸಿದ್ರೆ ಮಾತ್ರ ಗುಂಯ್ ಅಂದ್ರೆ ಸೆಟ್ ಟಾಪ್ ಬಾಕ್ಸಿನ ದುಂಡನೆ ಕೇಬಲ್ ತಿರುಗಿಸಿ ಬಿಚ್ಚಿ ನೋಡಿ. ನಿಂತ್ರೆ ಕೇಬಲಿನ ಹೊರ ಹೆಣಿಗೆ ಬೇರೆ ಎಲ್ಲೋ ಅರ್ತ್ ಆಗಿದೆ, ನಿಮ್ಮ ಆಂಪ್ಲಿಫೈಯರ್ ಇಲ್ಲಿ ಅರ್ತ್ ಆಗಿದೆ, ಲೂಪು ಮನೆಯಷ್ಟು ದೊಡ್ಡದು. ಟಿವೀಲಿ ಆಪ್ಟಿಕಲ್ ಔಟ್ ಇದ್ರೆ ಒಂದು ಕನ್ವರ್ಟರ್ ತಗೊಳ್ಳಿ, ಬೆಳಕಲ್ಲಿ ಗ್ರೌಂಡ್ ಹರಿಯಲ್ಲ. ಇಲ್ಲಾಂದ್ರೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರು, ಅಗ್ಗದ್ದು ಬಾಸ್ ಸ್ವಲ್ಪ ತಿನ್ನತ್ತೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ಸದ್ದು ನಿಂತ್ರೂ ಇದೇ ಔಷಧಿ.

ಸ್ಪೀಕರ್ ವೈರ್ ಬಿಚ್ಚಿದ್ಮೇಲೂ ಡಬ್ಬ ಗುಂಯ್ ಅಂತಿದ್ರೆ ವೈರಿಂಗ್ ಬಿಟ್ಬಿಡಿ, ಟ್ರಾನ್ಸ್‌ಫಾರ್ಮರಿನ ಪಟ್ಟಿಗಳೇ ನಡುಗ್ತಿವೆ. ಬೋಲ್ಟ್ ಬಿಗಿ ಮಾಡಿ, ಕೆಳಗೆ ರಬ್ಬರ್ ವಾಷರ್ ಕೊಡಿ, ಹೋಗಲಿಲ್ಲ ಅಂದ್ರೆ ವೈಂಡಿಂಗ್ ಅಂಗಡೀಲಿ ಕೊಟ್ಟು ವಾರ್ನಿಶ್‌ನಲ್ಲಿ ಅದ್ದಿ ಒಣಗಿಸಿ ಕೊಡಿ ಅನ್ನಿ. ತರೋವಾಗ ಪೂರ್ತಿ ಒಣಗಿದೆಯಾ ನೋಡ್ಕೊಂಡು ತನ್ನಿ, ನಾನು ಆತುರಪಟ್ಟು ಹಸೀದೇ ತಂದು ಮನೆಯೆಲ್ಲಾ ಮೂರು ದಿನ ವಾರ್ನಿಶ್ ವಾಸನೆ.